ಡಾಬಿನ ಮೇಲಿನ ಗಿಣಿಗಳು

ಬೆಳ್ಳಿ ಎಂದರೆ ಬೆಳ್ಳಗಿರಬೇಕು, ಅಷ್ಟೇ ಎಂದು ನಂಬಿದ ಜನರ ಮನೆಗೆ ನನ್ನನ್ನು ಕೊಟ್ಟರು. ಹುಮನಾಬಾದಿನ ಆ ಮನೆಯಲ್ಲಿ ತಟ್ಟೆ, ಲೋಟ, ಕಾಲುಂಗುರ ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. ಮೇಲಿನ ಚಿತ್ತಾರ ಸವೆದು ಹೋದರೂ ಬಿಡುತ್ತಿರಲಿಲ್ಲ. ಅದಕ್ಕೆ ಅವರು ಇಟ್ಟ ಹೆಸರು ಮನೆತನ.

ನನ್ನ ತವರು ಬಸವಕಲ್ಯಾಣ. ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ನನ್ನ ಅಜ್ಜಿಯ ಹತ್ತಿರ ಸೊಂಟಕ್ಕೆ ಕಟ್ಟುವ ಒಂದು ಬೆಳ್ಳಿಯ ಡಾಬಿತ್ತು. ನಿಜಾಮನ ಕಾಲದಲ್ಲಿ ಆಕೆಯ ಮದುವೆಗೆಂದು ಹೈದರಾಬಾದಿನಲ್ಲಿ ಮಾಡಿಸಿದ್ದು. ನಡುವಿನ ಅಗಲ ಬಿಲ್ಲೆಯ ಮೇಲೆ ಎದುರುಬದುರು ಎರಡು ಗಿಣಿ, ಸುತ್ತ ಬಳ್ಳಿ. ಬೆಳ್ಳಿಯಲ್ಲಿ ಗುಳಿ ಕೊರೆದು, ಬಣ್ಣದ ಗಾಜಿನ ಪುಡಿ ತುಂಬಿ, ಬೆಂಕಿಯಲ್ಲಿ ಕರಗಿಸಿ ಕೂರಿಸಿದ ಮೀನಾ ಕೆಲಸ ಅದು. ಗಿಣಿ ಹಸಿರು, ಬಳ್ಳಿ ನೀಲಿ, ಕೊಕ್ಕು ಕೆಂಪು. ಕಣ್ಣು ಮಂಜಾದ ಮೇಲೂ ಆಯಿ ಅದರ ನುಣುಪಿನ ಮೇಲೆ ಬೆರಳಾಡಿಸಿ ಗಿಣಿ ಎಲ್ಲಿದೆ ಎಂದು ಹೇಳುತ್ತಿದ್ದಳು.

"ಇದು ನಿನಗೇ. ಹ್ಯಾಂಗ ಅದ ಹಾಂಗೇ ನಿನ್ನ ಮಗಳಿಗಿ ಮುಟ್ಟಬೇಕು ನೋಡು" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಮದುವೆಯ ಮಾತು ಮುಗಿದು ಒಡವೆ ನೋಡುವ ಹೊತ್ತು ಬಂತು. ನನ್ನ ಅತ್ತೆಯಾಗಲಿದ್ದವರು ಡಾಬನ್ನು ಎರಡೇ ಬೆರಳಲ್ಲಿ, ಸತ್ತ ಇಲಿ ಎತ್ತುವಂತೆ ಎತ್ತಿದರು.

"ಬೆಳ್ಳಿಗಿ ಬಣ್ಣ ಯಾಕ್ರಿ? ಖರೇ ಬೆಳ್ಳಿ ಇದ್ರ ಮುಚ್ಚಿಡಾದು ಏನದ?"

ಬಣ್ಣದ ಅಡಿಯಲ್ಲಿ ಸೀಸ ಇದೆ ಎಂದು ಅವರ ಅನುಮಾನ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತಾರೆ. ಪಾಪ, ಕತ್ತೆ ಯಾವತ್ತೂ ಕಸ್ತೂರಿಯನ್ನು ತೊಳೆದು ತನ್ನಿ ಎಂದದ್ದಿಲ್ಲ.

ತಂದೆಯಿಲ್ಲದ ನನಗೆ ಕಾಕಾನೇ ಹಿರಿಯ. ಮನೆಯಲ್ಲಿ ಹುಲಿಯಂತಿದ್ದವನು ಬೀಗರ ಮುಂದೆ ಬಾಲ ಮುದುರಿದ. "ಬಣ್ಣ ತಗಸಿ ಬೆಳ್ಳಗ ಮಾಡಿಸ್ತೀನ್ರಿ. ನಮ್ಮದು ಖರೇ ಬೆಳ್ಳಿ ಅಂತ ನಿಮಗ ಕಾಣಲಿ" ಎಂದ. ನಾನು ಚಹಾದ ಬಸಿಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಆಡಬಹುದಿತ್ತು. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಆ ಹಸಿರು ಗಿಣಿಗಳು ನನಗೂ ಹಳ್ಳಿಗಮಾರತನದಂತೆ ಕಂಡು ನಾಚಿಕೆಯಾಗಿತ್ತು.

ಒಡವೆ ಮಾಡುವ ಪತ್ತಾರನೇ ಹಿಂಜರಿದನಂತೆ. "ಇಂಥಾ ಕೆಲಸ ಮಾಡೋರು ಈಗ ಸಿಗಂಗಿಲ್ರಿ, ಇನ್ನೊಮ್ಮೆ ವಿಚಾರ ಮಾಡ್ರಿ" ಎಂದನಂತೆ. ಕಾಕಾ ಅವನನ್ನೇ ಗದರಿಸಿದ. ಡಾಬನ್ನು ಕಾಯಿಸಿ ತಣ್ಣೀರಿಗೆ ಅದ್ದಿದರು. ಗಾಜು ಚಟಪಟ ಸಿಡಿಯಿತು. ಉಳಿದದ್ದನ್ನು ಉಳಿಯಿಂದ ಕಿತ್ತರು. ಇದನ್ನೆಲ್ಲ ಕಾಕಾ ಊಟಕ್ಕೆ ಕೂತು, ಕೋಟೆ ಗೆದ್ದು ಬಂದವನಂತೆ ವರ್ಣಿಸಿದ.

ಆಯಿ ಡಾಬನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದಳು. ಬೆರಳು ಗುಳಿಯಲ್ಲಿ ಸಿಕ್ಕಿತು.

"ಗಿಣಿ ಎಲ್ಲಿ ಅವ?"

ಕಾಕಾ ತಟ್ಟೆಯ ಮೇಲೆ ಬಗ್ಗಿದ. ಆಕೆ ನನ್ನ ಕಡೆ ತಿರುಗಿದಳು.

"ತಗಸ್ರಿ ಅಂದಾಗ ನೀ ಏನಂದಿ?"

"ಏನೂ ಅನಲಿಲ್ಲ ಆಯಿ."

ಆಕೆ ಡಾಬನ್ನು ನನ್ನತ್ತ ಸರಿಸಿದಳು. ಆಮೇಲೆ ಅದನ್ನು ಮುಟ್ಟಲೇ ಇಲ್ಲ.

ಗಂಡನ ಮನೆಯಲ್ಲಿ ಅದಕ್ಕೆ ಹೊಸ ದೂರು ಹುಟ್ಟಿತು. ಗುಳಿಗಳಲ್ಲಿ ಬೂದಿ ಕೂತು ಕಪ್ಪಾಗುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂದು ಅತ್ತೆ ಮೂಗು ಮುರಿದರು. ಡಾಬು ಟ್ರಂಕು ಸೇರಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಅಲ್ಲೇ ಬಿದ್ದಿತ್ತು.

ನನ್ನ ಮಗಳ ಮದುವೆ ಗೊತ್ತಾದ ವರ್ಷ ಹೈದರಾಬಾದಿನ ವ್ಯಾಪಾರಿಯೊಬ್ಬ ಹಳೇ ಮೀನಾ ಬೆಳ್ಳಿ ಹುಡುಕುತ್ತ ನಮ್ಮ ಓಣಿಗೆ ಬಂದ. ಪಕ್ಕದ ಮನೆಯವರ ಮೀನಾ ತೋಳಬಂದಿಯನ್ನು ಅವನು ಕಣ್ಣಿಗೊತ್ತಿಕೊಂಡದ್ದೇ ತಡ, ನಮ್ಮ ಅತ್ತೆಗೆ ಜ್ಞಾನೋದಯವಾಯಿತು.

"ನಮ್ಮ ಮನ್ಯಾಗೂ ಅದ ಅಲ್ಲಾ! ಬಣ್ಣ ತಗೀಬ್ಯಾಡ್ರಿ ಅಂತ ನಾ ಅವಾಗೇ ಬಡಕೊಂಡೆ, ಯಾರ್ ಕೇಳ್ತಾರ?"

ಬಡಾಯಿಗೂ ಒಂದು ನಾಚಿಕೆ ಇರಬೇಕು. ಅಷ್ಟಕ್ಕೇ ಬಿಡಲಿಲ್ಲ, ಮೊಮ್ಮಗಳಿಗೆ ಮದುವೆಯಲ್ಲಿ ಅದನ್ನೇ ಬಣ್ಣ ತುಂಬಿ ಕಟ್ಟಬೇಕೆಂದರು. ತಾಯಿಯ ಮಾತು ಮೀರದ ನನ್ನ ಗಂಡ, ಕಿಟಕಿಗೆ ಹೊಡೆದು ಉಳಿದಿದ್ದ ಹಸಿರು ಪೇಂಟನ್ನು ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಗುಳಿಗಳಿಗೆಲ್ಲ ತುಂಬಿದರು. ಗಿಣಿಯೂ ಹಸಿರು, ಬಳ್ಳಿಯೂ ಹಸಿರು, ಕೊಕ್ಕೂ ಹಸಿರು. ಮನೆಯ ಕಿಟಕಿಯನ್ನೇ ಮಗಳ ಸೊಂಟಕ್ಕೆ ಕಟ್ಟಲು ಸಿದ್ಧವಾದಂತಿತ್ತು.

"ಹಿಂದಿನಕಿಂತ ಚಂದ ಆಗ್ಯದ" ಎಂದರು ಅತ್ತೆ.

"ಇದನ್ನ ನನ್ನ ಮಗಳಿಗಿ ಕಟ್ಟಂಗಿಲ್ರಿ" ಎಂದೆ. ಇಪ್ಪತ್ತು ವರ್ಷ ತಡವಾಗಿಯಾದರೂ ಒಂದು ಮಾತು ಆಡಿದೆನಲ್ಲ ಎಂದು ನನಗೇ ಹೆಮ್ಮೆಯಾಯಿತು. ಅವರೆದುರೇ ಅಂಗಳದಲ್ಲಿ ಕೂತು, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸತೊಡಗಿದೆ. ಇನ್ನೂ ಒಣಗದ ಪೇಂಟು ಸಲೀಸಾಗಿ ಬಂತು. ಒಂದು ಗಿಣಿಯ ಮೂತಿಯಲ್ಲಿ ಮಾತ್ರ ಕಡಲೆಬೇಳೆಗಿಂತ ಚಿಕ್ಕ ಕಪ್ಪು ಕಲೆ ಉಳಿಯಿತು. ಉಜ್ಜಿದೆ, ಹೋಗಲಿಲ್ಲ. ಬೂದಿ ಕಟ್ಟಿದೆ ಎಂದುಕೊಂಡೆ. ಸಿಟ್ಟಿನ ಭರದಲ್ಲಿ ದಬ್ಬಣ ತಂದು ಒತ್ತಿ ಮೀಟಿದೆ. ಟಿಕ್ ಎಂದು ಸಿಡಿದು ಕಲ್ಲಿನ ಮೇಲೆ ಬಿತ್ತು.

ಎತ್ತಿ ಬಿಸಿಲಿಗೆ ಹಿಡಿದೆ. ಕೆಂಪು ಗಾಜು. ಕಾಕಾನಿಗೆ, ಪತ್ತಾರನ ಉಳಿಗೆ, ಅತ್ತೆಯ ಹುಣಸೆಹಣ್ಣಿಗೆ ಸಿಗದೆ ಉಳಿದಿದ್ದ ಆಯಿಯ ಗಿಣಿಯ ಕೊಕ್ಕು. ಅದನ್ನು ಕಿತ್ತವಳು ನಾನು.