ಗಾಳಿಯಕ್ಕನ ಮೊದಲ ಉಸಿರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೋಣಿಕಟ್ಟೆಯ ತಗಡಿನ ಶೆಡ್ಡಿನಲ್ಲಿ ಕಂಪ್ರೆಸರ್ ಕಿವಿ ತೂತಾಗುವಂತೆ ಅರಚುತ್ತಿದೆ. ಬೋರಲು ಹಾಕಿದ ಬಕೆಟ್ ಮೇಲೆ ಕೂತ ಗಾಳಿಯಕ್ಕ, ಆಗಷ್ಟೇ ತುಂಬಿದ ಸಿಲಿಂಡರಿನ ತಿರುಪನ್ನು ತುಸು ಸಡಿಲಿಸಿ, ಮೂಗೊಡ್ಡಿ, ಕಣ್ಣು ಮುಚ್ಚಿ ಗಾಳಿ ಎಳೆದುಕೊಳ್ಳುತ್ತಾರೆ. ಸಾರಿನ ಉಪ್ಪು ನೋಡುವವರ ಮುಖ. ಒಪ್ಪಿಗೆಯಾದರೆ ಸಿಲಿಂಡರಿನ ನೆತ್ತಿಗೊಂದು ಏಟು, ಆಮೇಲೆ ಮುಂದಿನದು.

ಇಲ್ಲಿಂದ ದೋಣಿಯಲ್ಲಿ ಸುಮಾರು ದೂರ ಹೋದರೆ ನೀರಿನಡಿ ಹವಳದ ಗೋಡೆಯೊಂದಿದೆ, ನೆಟ್ಟಗೆ ಕತ್ತಲಿಗೆ ಇಳಿಯುವಂಥದ್ದು. ಅದನ್ನು ನೋಡಲು ಸ್ಕೂಬಾ ಡೈವಿಂಗಿನವರು ಎಲ್ಲೆಲ್ಲಿಂದಲೋ ಬರುತ್ತಾರೆ. ಅವರ ಬೆನ್ನ ಮೇಲಿನ ಉಸಿರು ಈಕೆ ತುಂಬಿದ್ದು. ದಿನಕ್ಕೆ ನಲವತ್ತು ಸಿಲಿಂಡರ್ ಎತ್ತಿ ಇಳಿಸಿ ಸೊಂಟ ಹಿಡಿದುಹೋಗಿದೆ. ಆ ಗೋಡೆಯನ್ನು ಮಾತ್ರ ಕಂಡಿಲ್ಲ. "ಈ ಶೆಡ್ಡಿನ ನಾಲ್ಕು ಗೋಡೆ ಸಾಲ್ದಾ ನಂಗೆ?" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ನೋಡಿ ಸುಸ್ತಾಗಿ ನಗುತ್ತಾರೆ.

ಗಂಡ ಅಲ್ಲಿಗೆ ಜನರನ್ನು ಇಳಿಸುತ್ತಿದ್ದ ಗೈಡ್. ಆಗ ಈ ಬಕೆಟ್ ಮೇಲೆ ಬೇರೊಬ್ಬನಿದ್ದ. ಒಂದು ದಿನ ಗಾಳಿ ತಿರುಗಿ, ಕಟ್ಟೆಯಲ್ಲಿ ನಿಂತ ದೋಣಿಯ ಹೊಗೆ ಕಂಪ್ರೆಸರ್ ಗಾಳಿ ಎಳೆಯುವ ಪೈಪಿಗೆ ನುಗ್ಗಿ ಸಿಲಿಂಡರ್ ಸೇರಿದ್ದನ್ನು ಅವನು ಗಮನಿಸಲಿಲ್ಲ. "ಮನೆಯವರು ಮೇಲೆ ಬಂದಾಗ ಅರೆಜೀವ ಆಗಿದ್ರು. ಉಳಿದ್ರಲ್ಲ, ಅದೇ ದೊಡ್ಡದು. ಅವರು ಮನೆ ಸೇರಿದ್ರು, ನಾನು ಇಲ್ಲಿ ಬಂದು ಕೂತೆ." ಗಂಡ ಈಗ ಹರಿದ ಡೈವಿಂಗ್ ಸೂಟುಗಳಿಗೆ ತೇಪೆ ಹಾಕುತ್ತಾರೆ. ಇಷ್ಟೆಲ್ಲ ನೋಡಿಯೂ ಮಗಳು ಹಟ ಹಿಡಿದು ಅಪ್ಪನ ಕೆಲಸವನ್ನೇ ಕಲಿತಳು. ಗೈಡ್ ಆಗಿ ಅವಳು ನೀರಿಗಿಳಿಯುವ ಮೊದಲ ದಿನ ಇವತ್ತು.

ಕೊನೆಯ ಸಿಲಿಂಡರ್ ತುಂಬುತ್ತಿರುವಾಗ ಗಾಳಿಯ ದಿಕ್ಕು ನೋಡಲೆಂದು ಆ ಪೈಪಿನ ತುದಿಗೆ ಕಟ್ಟಿದ ರಿಬ್ಬನ್ ಸರಕ್ಕನೆ ಈಚೆಗೆ ಹೊರಳುತ್ತದೆ. ಹೊರಗೆ ದೋಣಿಯ ಇಂಜಿನ್ ಶುರುವಾಗಿದೆ; ಯಾವಾಗಿನಿಂದಲೋ, ಕಂಪ್ರೆಸರಿನ ಅರಚಾಟದಲ್ಲಿ ಕೇಳಿಸಿಲ್ಲ. ಗಾಳಿಯಕ್ಕ ಕಂಪ್ರೆಸರ್ ಬಂದ್ ಮಾಡಿ, ದೋಣಿಯವನಿಗೆ ಇಂಜಿನ್ ನಿಲ್ಲಿಸಲು ಕೂಗುತ್ತಾರೆ. ಆಮೇಲೆ ಮಗಳ ತಂಡಕ್ಕೆಂದು ತುಂಬಿಟ್ಟಿದ್ದ ಸಿಲಿಂಡರುಗಳ ಗಾಳಿಯನ್ನೆಲ್ಲ ಬುಸ್ಸೆಂದು ಹೊರಗೆ ಬಿಡುತ್ತಾರೆ. ಕಟ್ಟೆಯ ಮೇಲೆ ಗಿರಾಕಿಗಳು ಗೊಣಗುತ್ತಾರೆ. ಮಗಳ ಮುಖ ಕೆಂಪಾಗುತ್ತದೆ.

"ಅಮ್ಮಾ, ಮೊದಲ್ನೇ ದಿನಾನೇ ಮಾನ ಕಳೀಬೇಡ. ಅವೆಲ್ಲ ಚೆನ್ನಾಗೇ ಇರ್ತವೆ."

"ಇರಬಹುದು ಕಣೇ, ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಿನ್ನ ಬೆನ್ನಿಗೆ ಕಟ್ಟಲ್ಲ."

ಮತ್ತೆ ಮೊದಲಿಂದ ತುಂಬುವುದು, ಮತ್ತೆ ಮೂಸುವುದು. ದೋಣಿ ತಡವಾಗಿ ಹೊರಡುತ್ತದೆ. ಮಗಳು ಕಟ್ಟೆಯತ್ತ ತಿರುಗಿಯೂ ನೋಡುವುದಿಲ್ಲ. ಆಮೇಲೆ ಗಾಳಿಯಕ್ಕ ತಂದ ಬುತ್ತಿಯನ್ನೂ ಬಿಚ್ಚುವುದಿಲ್ಲ.

ಮಧ್ಯಾಹ್ನ ದೋಣಿ ಕಟ್ಟೆಗೆ ತಾಗುತ್ತದೆ. ಒದ್ದೆ ಕೂದಲಿನ ಮಗಳು ಮುನಿಸು ಮರೆತು ಓಡಿಬಂದು ಆಮೆ, ಗೋಡೆ, ಬೆಳಕು ಎಂದು ಒಂದೇ ಉಸಿರಿಗೆ ಹೇಳುತ್ತಾಳೆ. ಅಮ್ಮನದು ಒಂದೇ ಪ್ರಶ್ನೆ.

"ಗಾಳಿ ಹೇಗಿತ್ತೇ?"

"ಗಾಳೀನಾ? ಅದರ ನೆನಪೇ ಬರ್ಲಿಲ್ಲಮ್ಮ!"

ಗಾಳಿಯಕ್ಕ ಶೆಡ್ಡಿಗೆ ಬಂದು ಬಕೆಟ್ ಮೇಲೆ ಕುಸಿದು ಕೂತು, ಬುತ್ತಿ ಬಿಚ್ಚುತ್ತಾರೆ. ಬದುಕಿನಲ್ಲಿ ಇನ್ನೇನು ಆಸೆ ಎಂದು ಕೇಳುತ್ತೇನೆ. ತುತ್ತು ಕೈಯಲ್ಲೇ ಉಳಿಯುತ್ತದೆ.

"ನಾಳೇನೂ ಅವಳಿಗೆ ಅದರ ನೆನಪು ಬರ್ಬಾರ್ದು, ಅಷ್ಟೇ."