ಈರಕ್ಕ ತನ್ನ ಪಾದ ಉಳಿಸಿಕೊಂಡದ್ದು

ಗೌಡಗೆರೆ ಕಡೆಯ ಕುರುಬರ ಹಟ್ಟಿಯಲ್ಲಿ ಈರಕ್ಕ ಎಂಬ ಹೆಂಗಸಿದ್ದಳು. ಕುಷ್ಠಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗಿ ಮೈಮೇಲಿನ ಮಚ್ಚೆಗಳು ಅಳಿದಿದ್ದವು. ಆದರೆ ಬೆರಳು, ಅಂಗಾಲು ಮರಗಟ್ಟಿದ್ದು ಹಾಗೇ ಉಳಿದಿತ್ತು. ಎಪ್ಪತ್ತೇಳನೇ ಇಸವಿಯಲ್ಲಿ ಒಂದು ಸಂಜೆ ಮಂದೆ ಹೊಡೆದುಕೊಂಡು ಬಂದವಳ ಹಿಂದೆ ಬಾಗಿಲವರೆಗೂ ರಕ್ತದ ಗುರುತು. ಜಾಲಿಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ನೆಟ್ಟಿದ್ದರೂ ದಿನವೆಲ್ಲ ನಡೆದಿದ್ದಳು. ಆ ಹುಣ್ಣು ಮಾಗಲು ಎಂಟು ತಿಂಗಳು ಹಿಡಿಯಿತು. ಮಾಗಿದ ಮೇಲೆ ಅಲ್ಲೇ ಮತ್ತೆ ಒಡೆದು, ಹೇಗೋ ಮಾಗಿತು. ಮೂರನೇ ಸಲ ಒಡೆದು ಮೂಳೆಗೆ ಇಳಿದರೆ ಪಾದ ತೆಗೆಯಬೇಕಾದೀತು ಎಂದು ಶಿರಾದ ಡಾಕ್ಟರ್ ಜಯರಾಮಯ್ಯನವರು ಹೇಳಿ, ಅವಳ ಆಸ್ಪತ್ರೆ ಚೀಟಿಯಲ್ಲೂ ಬರೆದು ಕಳಿಸಿದರು.

ಪಾದ ಹೋದರೆ ಮಂದೆ ಹಿಂದೆ ಹೋಗುವುದು ಹೆಂಗೆ? ಈರಕ್ಕನಿಗೆ ಬೇರೆ ಯೋಚನೆಯೇ ಹತ್ತಲಿಲ್ಲ.

ಮಳೆ ಬಿದ್ದ ದಿನಗಳಲ್ಲಿ ಅವಳ ಗಂಡ ಓಬಳಪ್ಪ ಕುರಿಗಳನ್ನು ರೊಪ್ಪಕ್ಕೆ ಕೂಡುವ ಮುಂಚೆ ಒಂದೊಂದರ ಗೊರಸಿಗೂ ಕೈಯ ಹಿಂಬದಿ ಇಟ್ಟು ನೋಡುತ್ತಿದ್ದ. ಅವರಪ್ಪನೂ ಹಾಗೇ ಮಾಡುತ್ತಿದ್ದನಂತೆ. ಒಂದು ಸಂಜೆ ಹಾಗೇ ಒಂದು ಕುರಿಯನ್ನು ಹಿಡಿದು, “ಇದರ ಕಾಲು ಬೆಚ್ಚಗೈತೆ ಕಣೇ. ನಾಳಿದ್ದಕ್ಕೆ ಕುಂಟ್ತದೆ. ಮೇಯಾಕೆ ಬುಡಬ್ಯಾಡ,” ಅಂದ.

ಇಪ್ಪತ್ತು ವರ್ಷ ಕೇಳಿದ್ದ ಮಾತು. ಆವತ್ತು ಈರಕ್ಕ ಆ ಮಾತನ್ನೇ ಮನಸ್ಸಿನಲ್ಲಿಟ್ಟುಕೊಂಡು ಒಳಕ್ಕೆ ಹೋಗಿ ಗೋಡೆಗೊರಗಿ ಕೂತಳು. ಪಾದವನ್ನು ತೊಡೆ ಮೇಲೆ ಎಳೆದುಕೊಂಡು ಮುಟ್ಟಿದಳು. ಬೆರಳಿಗೆ ಏನೂ ತಿಳಿಯಲಿಲ್ಲ. ಮೊಣಕೈ ಹತ್ತಿರದ ತೊಗಲಿಗೆ ಮಾತ್ರ ಇನ್ನೂ ಜೀವವಿತ್ತು. ಅದನ್ನು ಅಂಗಾಲಿಗೆ ಒತ್ತಿದಳು. ಹೆಬ್ಬೆರಳ ಬುಡದಲ್ಲಿ ರೂಪಾಯಿಯಗಲದ ಜಾಗ ಬೆಚ್ಚಗಿತ್ತು. ಇನ್ನೊಂದು ಪಾದ ತಣ್ಣಗಿತ್ತು.

ಮಾರನೇ ದಿನ ಮಂದೆಗೆ ಹೋಗುವುದಿಲ್ಲ ಎಂದಳು. ಅತ್ತೆ ಲಕ್ಕಮ್ಮ ಸುಮ್ಮನಿರುವವಳಲ್ಲ. “ಗಾಯ ಇಲ್ಲ, ರಕ್ತ ಇಲ್ಲ. ಕುಂತು ಉಣ್ಣಾಕೆ ಇದೊಂದು ಹೊಸಾ ಕಾಯ್ಲೆ,” ಅಂದಳು. ಆ ಮಾತಿಗೆ ಈರಕ್ಕ ಎದ್ದು ಮಂದೆಯ ಹಿಂದೆ ಹೋದಳು. ಮೂರನೇ ದಿನಕ್ಕೆ ಸರಿಯಾಗಿ ಅದೇ ಜಾಗದಲ್ಲಿ ಬೊಬ್ಬೆ ಎದ್ದಿತ್ತು.

ಆಮೇಲೆ ಅತ್ತೆ ಏನೇ ಅಂದರೂ ಅವಳು ಏಳಲಿಲ್ಲ. ಬೊಬ್ಬೆ ಒಡೆಯದೆ ಒಣಗಿತು. ಕೂತಲ್ಲೇ ಹಳೇ ಕಂಬಳಿ ಕತ್ತರಿಸಿ, ನಾಲ್ಕು ಪದರ ಮಡಿಸಿ, ಬಿಸಿ ಕಂಡ ಜಾಗಕ್ಕೆ ಸರಿಯಾಗಿ ತೂತು ಬಿಟ್ಟು, ಟೈರಿನ ಚಪ್ಪಲಿಯೊಳಗೆ ಉಣ್ಣೆದಾರದಲ್ಲಿ ಹೊಲಿದಳು. ಮೊಳೆ ಮಾತ್ರ ಹೊಡೆಯಲಿಲ್ಲ. ಮೊಳೆ ಚುಚ್ಚಿದರೆ ಹೇಳುವವರು ಯಾರು? ದಿನವೂ ದೀಪ ಹಚ್ಚುವ ಹೊತ್ತಿಗೆ ಗಂಡ ಗೊರಸು ಮುಟ್ಟಿದಂತೆ ಇವಳು ಪಾದಕ್ಕೆ ಮೊಣಕೈ ಒತ್ತಿ ನೋಡುತ್ತಿದ್ದಳು. ಬಿಸಿ ಕಂಡ ದಿನ ರೊಪ್ಪದಲ್ಲೇ ಉಳಿದು ಉಣ್ಣೆ ನೂಲುತ್ತಿದ್ದಳು.

ಆರು ವರ್ಷ ಪಾದ ಒಡೆಯಲಿಲ್ಲ. ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಮಾತ್ರೆ ತರುವ ಕೆಲಸಕ್ಕೆ ಹೊಸದಾಗಿ ಬಂದ ಶಂಕರಲಿಂಗಪ್ಪ ಇದನ್ನು ಕೇಳಿ, ಬಿಡದೆ ಅವಳನ್ನು ಶಿರಾಕ್ಕೆ ಕರೆದುಕೊಂಡು ಹೋದ. ಜಯರಾಮಯ್ಯನವರು ಪಾದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಗಿಯ ತೋಳು ಮಡಚಿ, ಮೊಣಕೈ ಎಲ್ಲಿ ಇಡಬೇಕಮ್ಮಾ ಎಂದು ಅವಳನ್ನೇ ಕೇಳಿದರು. ಆಮೇಲೆ ಹೊರಗೆ ಕೂತಿದ್ದ ರೋಗಿಗಳನ್ನೂ ಕರೆದರು.

ಅವರಲ್ಲಿ ಪಾವಗಡ ಕಡೆಯ ಚೌಡಯ್ಯನ ಹಿಮ್ಮಡಿಯಲ್ಲಿ ಅವಳಿಗೆ ಬಿಸಿ ಸಿಕ್ಕಿತು. ಏನೂ ನೋಯುತ್ತಿಲ್ಲವಲ್ಲ ಎಂದು ಅವನು ನಕ್ಕ.

“ನೋಯಾಕಿಲ್ಲ ಕಣಪ್ಪಾ, ಅದೇ ನಮ್ ಕಾಯ್ಲೆ. ನೋವು ಹೇಳ್ದೆ ಇರೋದ್ನ ಬಿಸಿ ಹೇಳ್ತದೆ. ಎಂಟು ದಿನ ಕುಂತ್ಕೋ,” ಅಂದಳು ಈರಕ್ಕ. ಡಾಕ್ಟರೂ ತಲೆಯಾಡಿಸಿದರು. ಅವನು ಅಲ್ಲೇ ಉಳಿದ.

ವಾಪಸು ಬರುವ ಬಸ್ಸಿನಲ್ಲಿ ಅವಳು ತನ್ನ ಚೀಟಿ ತೆಗೆದು ಶಂಕರಲಿಂಗಪ್ಪನ ಕೈಗಿಟ್ಟು ಓದಲು ಹೇಳಿದಳು. ಪಾದ ತೆಗೆಯುವ ಮಾತನ್ನು ಡಾಕ್ಟರು ಗೀಟೆಳೆದು ಹೊಡೆದುಹಾಕಿದ್ದರು. ಕೆಳಗೆ, ಈಕೆ ತನ್ನ ಪಾದವನ್ನು ತಾನೇ ಉಳಿಸಿಕೊಂಡಿದ್ದಾಳೆ, ಉಳಿದವರಿಗೂ ಕಲಿಸತಕ್ಕದ್ದು ಎಂದು ಬರೆದಿದ್ದರು. ಅವನು ಮೆಲ್ಲಗೆ ಓದಿದ. ಬಸ್ಸಿನ ತುಂಬ ಜನ, ಕುಷ್ಠದ ಚೀಟಿ.

“ಗಟ್ಟಿಯಾಗಿ ಓದಣ್ಣಾ,” ಅಂದಳು ಈರಕ್ಕ. “ಹಿಂದ್ಲೋರಿಗೂ ಕೇಳ್ಲಿ.”