ಹಸಿರು ದಾರದ ಗಂಟು

ನಾನು ನರ್ಸಾಗಿರುವ ಜಮಖಂಡಿಯ ಆಸ್ಪತ್ರೆಗೆ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳಲು ಬರುತ್ತಿದ್ದವರು ಬನಹಟ್ಟಿಯ ನೇಕಾರರ ಮನೆತನದ ಒಬ್ಬರು. ನಮಗೆಲ್ಲ ಅವರು ಅಣ್ಣ. ಅವರ ಚೀಲದಲ್ಲಿ ಸದಾ ಮಗ್ಗದ ಬಣ್ಣದ ದಾರವಿರುತ್ತಿತ್ತು. ಪ್ರತಿ ಕೇಬಲ್ಲಿಗೂ ಗುರುತಿಗೆಂದು ದಾರ ಕಟ್ಟಿ, ತುದಿಯನ್ನು ಹಲ್ಲಿನಿಂದ ಕಡಿಯುತ್ತಿದ್ದರು.

ಆಗ ನಮ್ಮಲ್ಲಿ ಎಕ್ಸ್‌ರೇ ಚಿತ್ರಗಳು ಡಾಕ್ಟರ ಕೋಣೆಗೆ ಹೋಗದೆ ನಡುವೆಯೇ ನಿಲ್ಲುತ್ತಿದ್ದವು. ಆಸ್ಪತ್ರೆಯ ಯಂತ್ರಗಳೂ ರೋಗಿಗಳ ಕಡೆಯವರ ಫೋನುಗಳೂ ಒಂದೇ ಜಾಲದಲ್ಲಿದ್ದು, ಫೋನುಗಳ ವಿಡಿಯೊಗಳಿಂದಲೇ ಅದು ತುಂಬಿಹೋಗುತ್ತಿತ್ತು.

"ಮಂದೀ ವೈಫೈ ಬಂದ್ ಮಾಡಿಬಿಡ್ರಿ" ಎಂದರು ಡಾಕ್ಟರು.

ಅಣ್ಣ ವಾರ್ಡಿನ ಬಾಣಂತಿಯ ಕಡೆ ನೋಡಿದರು. ಕುರಿ ಮೇಯಿಸಲು ದೂರ ಹೋಗಿದ್ದ ಗಂಡನಿಗೆ ಅವಳು ಫೋನಿನಲ್ಲಿ ಕೂಸನ್ನು ತೋರಿಸುತ್ತಿದ್ದಳು.

"ಯಾರನ್ನೂ ಹೊರಗ ಹಾಕೂದು ಬ್ಯಾಡ್ರೀ ಸಾಹೇಬ್ರ, ಬ್ಯಾರೆ ಮಾಡೂಣು."

ಆಯಾಗಳ ಜಗಳ ಬಿಡಿಸುವಾಗಲೂ ಅವರದು ಇದೇ ಮಾತು.

ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತು ಎರಡು ವಿ-ಲ್ಯಾನ್ ಮಾಡಿದರು. ಪೆಟ್ಟಿಗೆ ಒಂದೇ, ಜಾಲ ಮಾತ್ರ ಬೇರೆ ಬೇರೆ: ಯಂತ್ರಗಳಿಗೆ ಒಂದು, ಮಂದಿಯ ಫೋನಿಗೆ ಮಿತಿ ಹಾಕಿದ ಇನ್ನೊಂದು.

"ಸಿಸ್ಟರ್, ಈಗ ಎಕ್ಸ್‌ರೇ ಕಳಸ್ರಿ. ತಂಗೀ, ನೀ ಫೋನ್ ಇಡಬ್ಯಾಡವಾ."

ನಾನು ಕಳಿಸಿದೆ. ಒಳಗಿನಿಂದ ಡಾಕ್ಟರು "ಬಂತು" ಎಂದರು. ಅಣ್ಣ ಆ ಕಡೆ ತಿರುಗಲೇ ಇಲ್ಲ. ಬಾಣಂತಿಯ ಫೋನನ್ನೇ ನೋಡುತ್ತಿದ್ದರು. ಅದರಲ್ಲಿ ಗಂಡ, ಆಗಷ್ಟೇ ಹುಟ್ಟಿದ ಕುರಿಮರಿಯೊಂದನ್ನು ಎತ್ತಿ ಹಿಡಿದು ತನ್ನ ಮಗಳಿಗೆ ತೋರಿಸುತ್ತಿದ್ದ.

"ಆತಲ್ಲ" ಎಂದು ಅಣ್ಣ ಮಂದಿಯ ಕೇಬಲ್ಲಿಗೆ ಹಸಿರು ದಾರ ಕಟ್ಟಿ, ತುದಿ ಕಡಿದರು.

ಅಣ್ಣನ ಕೆಲಸಕ್ಕೆ ಈಗ ಬೇರೆಯವರು ಬರುತ್ತಾರೆ. ಆ ಗಂಟನ್ನು ಮಾತ್ರ ಯಾರಿಗೂ ಬಿಚ್ಚಲು ನಾನು ಬಿಟ್ಟಿಲ್ಲ.